ಹತ್ತು ಕಳೆದರೆ ಮೂವತ್ಮೂರು

14 ನವೆಂಬರ್ 2024, ಗುರುವಾರ
ತುಮಕೂರು, ರಾತ್ರಿ ಹತ್ತೂಕಾಲು

ಬೆನ್ನಿನ ಮೇಲೆ ಕೆಂಪು ಗೆರೆಗಳಿವೆಯಂತೆ. ನನಗೆಲ್ಲಿ ಕಾಣಬೇಕು, ಇವರೇ ಫೋಟೋ ತೆಗೆದು ತೋರಿಸಿದರು. "ಯಾರೇ ನಿಂಗೆ ಸ್ಕೇಲಲ್ಲಿ ಹೊಡ್ದಿದ್ದು?" ಅಂತ ಕೇಳಿದರು. ಟೀಚರಿಗೇ ಸ್ಕೇಲಿನೇಟು! ನಗು ಬಂತು. ಈಗ ನಕ್ಕರೂ ಪಕ್ಕೆ ನೋಯುತ್ತೆ.

ಇವತ್ತು ಶಾಲೆಯಲ್ಲಿ ಮಕ್ಕಳ ದಿನಾಚರಣೆ. ಭಾಷಣ ಶುರುವಾಗಿ ಅರ್ಧ ಗಂಟೆಗೆ ನನಗೆ ಉಸಿರೇ ಆಡಲಿಲ್ಲ. ಮೆಲ್ಲಗೆ ಎದ್ದು ಬಾತ್‌ರೂಮಿಗೆ ಹೋಗಿ ಬ್ರಾ ಹುಕ್ಕು ಬಿಚ್ಚಿ, ಸೆರಗು ಹೊದ್ದು ಬಂದು ಕೂತೆ. ಯಾರಿಗೂ ಗೊತ್ತಾಗಲಿಲ್ಲ. ಈಗ ನಿಮಗೆ ಗೊತ್ತಾಯ್ತು.

ಏಳು ತಿಂಗಳು ತುಂಬಿದೆ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲಾ ಬರೆಸಿಕೊಂಡು ಬರ್ತೀನಿ. ಎದೆ ಮಾತ್ರ ಎರಡನೇ ತಿಂಗಳಿಂದಲೇ ಬಿಗಿಯಾಗಿ ನೋಯ್ತಿದ್ದರೂ, ಹಾಕೋ ಬ್ರಾ ಅದೇ ಹಳೇದು. ಪಿಯುಸಿಯಲ್ಲಿ ಅಮ್ಮ ತಂದುಕೊಟ್ಟ ಡಬ್ಬದ ಮೇಲೆ 34 ಬಿ ಅಂತ ಇತ್ತು. ಅವತ್ತಿಂದ ನನ್ನ ಸೈಜ್ ಅದು. ಮದುವೆಯಾಯ್ತು, ತೂಕ ಹತ್ತಿತು, ಇಳಿಯಿತು. ನಂಬರ್ ಮಾತ್ರ ಬದಲಾಗಲಿಲ್ಲ, ಆಧಾರ್ ನಂಬರಿನ ಹಾಗೆ.

ಮಧ್ಯಾಹ್ನ ಬೇಗ ಬಿಟ್ಟರಲ್ಲ, ಸೀದಾ ಎಂ.ಜಿ. ರಸ್ತೆಗೆ ಹೋದೆ. ಅಂಗಡಿ ಹೆಸರು ಬೇಡ. ಕೌಂಟರಿನಲ್ಲಿ ಒಬ್ಬ ಹುಡುಗ, ಮೀಸೆ ಈಗಷ್ಟೇ ಮೂಡ್ತಿದೆ, ನನ್ನ ಹತ್ತನೇ ಕ್ಲಾಸಿನ ಹುಡುಗರ ಥರ. "ಸೈಜ್ ಹೇಳಿ ಮೇಡಂ." ನನ್ನ ಬಾಯಿಂದ ತಾನಾಗೇ "ಮೂವತ್ನಾಲ್ಕು" ಅಂತ ಬಂತು. ಅವನು ನನ್ನ ಹೊಟ್ಟೆ ನೋಡಿದ, ಆಮೇಲೆ ಸೀಲಿಂಗ್ ನೋಡಿದ. "ಡಬಲ್ ಎಕ್ಸೆಲ್ ಕೊಡ್ಲಾ?" ಪಾಪ, ಅವನ ತಪ್ಪೇನಿದೆ. ಡಬ್ಬದ ಹಿಂದಿನ ಪಟ್ಟಿ ಓದೋಣ ಅಂದರೆ ಪಕ್ಕದಲ್ಲಿ ಬನಿಯನ್ ಕೊಳ್ಳೋಕೆ ಇಬ್ಬರು ಗಂಡಸರು ಬಂದು ನಿಂತರು. ಸುಮ್ನೆ ಎರಡು ಕರ್ಚೀಫ್ ತಗೊಂಡು ಬಂದೆ. ನಲವತ್ತು ರೂಪಾಯಿ ದಂಡ.

ನಮ್ಮ ಏರಿಯಾ ಬಟವಾಡಿಗೆ ಬರುವ ತನಕ ಹಂಪು ಸಿಕ್ಕಾಗಲೆಲ್ಲ ಎರಡೂ ಕೈ ಕಟ್ಟಿಕೊಂಡು ಆಟೋದಲ್ಲಿ ಕೂತಿದ್ದೆ. ಇಳಿದವಳು ಮನೆಗೆ ಹೋಗದೆ ನಮ್ಮ ಟೈಲರಕ್ಕನ ಹತ್ತಿರ ಹೋದೆ. ಹೇಳಿಕೊಂಡರೆ ಬೈಯುತ್ತಾಳೆ ಅಂತ ಗೊತ್ತಿತ್ತು. ಬೈದಳು. "ಬ್ಲೌಸಿನ ತೋಳು ಅರ್ಧ ಇಂಚು ಜಾಸ್ತಿಯಾದ್ರೆ ನನ್ ಜೊತೆ ಜಗಳಕ್ಕೆ ಬರ್ತೀಯ. ಇದನ್ನ ಒಂದ್ಸಲನಾದ್ರೂ ಅಳತೆ ತೆಗೆಸಿದ್ದೀಯಾ?" ಇಲ್ಲ. ಮೂವತ್ತೊಂದು ವರ್ಷದಲ್ಲಿ ಒಂದ್ಸಲನೂ ಇಲ್ಲ.

ಬಾಗಿಲಿಗೆ ಪರದೆ ಎಳೆದಳು. ಅವಳ ಟೇಪು ನೋಡಬೇಕು ನೀವು. ತುದಿ ಹರಿದು ನಾರಾಗಿದೆ, ಮೊದಲಿನ ಅಂಕಿಗಳೆಲ್ಲ ಅಳಿಸಿಹೋಗಿವೆ. ಅದಕ್ಕೇ ಹತ್ತರಿಂದ ಹಿಡಿಯುತ್ತಾಳೆ. ಎದೆಯ ಕೆಳಗೆ ಸುತ್ತಿ, ಬೆನ್ನಿನಲ್ಲಿ ಟೇಪು ಮೇಲೆ ಹೋಗಿಲ್ಲ ತಾನೇ ಅಂತ ಬಗ್ಗಿ ನೋಡಿ, "ಉಸಿರು ಬಿಡು" ಅಂದಳು. "ನಲವತ್ಮೂರು. ಹತ್ತು ತೆಗಿ." ಮೂವತ್ಮೂರು. ಆಮೇಲೆ ಎದೆಯ ತುಂಬಿದ ಭಾಗದ ಮೇಲೆ, ಬಿಗಿಯದೆ, ಸುಮ್ನೆ ಸುತ್ತಿದಳು. ಹತ್ತು ಕಳೆದು ನಲವತ್ತು. ಸೀಮೆಸುಣ್ಣದಲ್ಲಿ ಮೆಷಿನ್ ಹಲಗೆ ಮೇಲೆ ಎರಡೂ ಬರೆದಳು.

ನಂಬರ್ ಹೇಗೆ ಬರುತ್ತೆ ಅಂತಲೂ ಹೇಳಿಕೊಟ್ಟಳು. ಕೆಲವು ಕಂಪನಿಯವರು ಕೆಳಗಿನ ಸುತ್ತಳತೆಗೆ ನಾಲ್ಕೈದು ಇಂಚು ಸೇರಿಸುತ್ತಾರಂತೆ, ಕೆಲವರು ಸೇರಿಸಲ್ವಂತೆ. ಡಬ್ಬದ ಹಿಂದಿನ ಪಟ್ಟಿ ನೋಡದೆ ತಗೋಬಾರದು. ಐದು ಸೇರಿಸಿದರೆ ನನ್ನದು 38. ಎದೆಯ ಅಳತೆ ಅದಕ್ಕಿಂತ ಒಂದಿಂಚು ಜಾಸ್ತಿ ಇದ್ದರೆ ಕಪ್ ಎ, ಎರಡಾದರೆ ಬಿ, ಮೂರಾದರೆ ಸಿ. ಹಾಗಾದ್ರೆ ನಾನು 38 ಬಿ. ಬಿ ಮಾತ್ರ ಉಳ್ಕೊಂಡಿದೆ, ಆದರೆ ಈ ಬಿ ಆ ಬಿ ಅಲ್ಲ. ಸುತ್ತಳತೆ ಏರಿದ ಹಾಗೆ ಕಪ್ ಕೂಡ ದೊಡ್ಡದಾಗುತ್ತಂತೆ. ಎಂಟು ವರ್ಷದಿಂದ ಲೆಕ್ಕ ಕಲಿಸ್ತಿದ್ದೀನಿ, ಇಷ್ಟು ಚಿಕ್ಕ ಲೆಕ್ಕ ನನಗೆ ಗೊತ್ತಿರಲಿಲ್ಲ.

ಪಕ್ಕದ ರಸ್ತೆಯ ಹೆಂಗಸರ ಅಂಗಡಿಯಿಂದ ಅವಳೇ ಮೂರು ತರಿಸಿ ಹಾಕಿಸಿದಳು. ತಂತಿ ಇರೋದು ಬೇಡವೇ ಬೇಡ, ಈಗ ಒತ್ತುತ್ತೆ ಅಂದಳು. ಕಾಟನ್, ಅಗಲ ಪಟ್ಟಿ. ಬೇರೆ ದಿನಗಳಲ್ಲಿ ಹೊಸ ಬ್ರಾ ಕೊನೆಯ ಹುಕ್ಕಿಗೆ, ಅಂದರೆ ಸಡಿಲದ ಹುಕ್ಕಿಗೆ ಸರಿಹೋಗಬೇಕಂತೆ, ಎಲಾಸ್ಟಿಕ್ ಹಿಗ್ಗಿದ ಮೇಲೆ ಬಿಗಿ ಮಾಡಿಕೊಳ್ಳೋಕೆ. ಬಸುರಿಗೆ ಉಲ್ಟಾ. ಈಗ ಬಿಗಿ ಹುಕ್ಕಿಗೆ ಕೂರಬೇಕು, ಪಕ್ಕೆಲುಬು ಇನ್ನೂ ಅಗಲವಾದಾಗ ಸಡಿಲ ಮಾಡಿಕೊಳ್ಳೋಕೆ. ಬೆನ್ನಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಅವಳ ಬೆರಳು ತಣ್ಣಗಿತ್ತು, ಕಿಲಕಿಲ ನಕ್ಕುಬಿಟ್ಟೆ. "ಭಾರ ಹೊರಬೇಕಾಗಿರೋದು ಈ ಪಟ್ಟಿ ಕಣೆ, ಭುಜ ಅಲ್ಲ" ಅಂದಳು.

ಹಾಲುಣಿಸೋ ಬ್ರಾನೂ ಈಗಲೇ ತಗೊಂಡುಬಿಡ್ಲಾ ಅಂದೆ. ಒಂಬತ್ತನೇ ತಿಂಗಳು ಬರೋ ತನಕ ತಡಿ ಅಂದಳು. ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಹಾಲಿಳಿದಾಗ ಇನ್ನೂ ದೊಡ್ಡದಾಗುತ್ತಂತೆ. ಇನ್ನೂನಾ!

ಅಲ್ಲೇ ಇನ್ನೊಂದು ಮಾತು ಬಾಯಿಬಿಟ್ಟೆ. ಭಾನುವಾರ ಬೆಳಿಗ್ಗೆ ನೈಟಿಯ ಮೇಲೆ ಕಾಸಿನಷ್ಟಗಲ ಹಳದಿ ಕಲೆ ಕಂಡಿತ್ತು. ಏನೋ ಆಗಿಹೋಯ್ತು ಅಂತ ಕೈಕಾಲು ತಣ್ಣಗಾಗಿತ್ತು. ಇವರಿಗೆ ಹೇಳಲಿಲ್ಲ. ಸೋಮವಾರ ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ಅದು ಗಿಣ್ಣುಹಾಲು, ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಹೀಗೆ ಜಿನುಗುತ್ತೆ, ಹೆದರಬೇಡ, ಹಿಂಡಿ ನೋಡಬೇಡ ಅಂದರು. ಆದರೂ ಆ ಕಲೆ ಕಣ್ಣಿಂದ ಹೋಗ್ತಿಲ್ಲ. ನೈಟಿ ಒಗೆದಿದ್ದೀನಿ, ಕಲೆ ಹೋಗಿದೆ. ಮಗುಗೆ ಮೊದಲು ಸಿಗಬೇಕಾದದ್ದು ನನ್ನ ನೈಟಿಗೆ ಸಿಕ್ಕಿತಲ್ಲ ಅಂತ ಸುಮ್ನೆ ಅಳು. ಅಕ್ಕ ಏನೂ ಹೇಳಲಿಲ್ಲ, ಟೇಪು ಸುತ್ತಿಟ್ಟು ಟೀ ತರಿಸಿದಳು.

ಈಗ ಹೊಸದು ಹಾಕ್ಕೊಂಡೇ ಕೂತಿದ್ದೀನಿ. ಉಸಿರು ಹೊಟ್ಟೆ ತನಕ ಹೋಗ್ತಿದೆ. ಇನ್ನೆರಡನ್ನ ಒಗೆದು ಹಗ್ಗದ ಮೇಲೆ ಹಾಕಿ, ಅಭ್ಯಾಸಬಲ, ಮೇಲೆ ಟವೆಲ್ ಮುಚ್ಚಿ ಬಂದೆ. ಮತ್ತೆ ಹೋಗಿ ಟವೆಲ್ ತೆಗೆದೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಟವೆಲ್ ವಾಪಸ್ ಬಂದಿತ್ತು.

ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. "ನಿನ್ ಸೈಜ್ ಎಷ್ಟಮ್ಮ?" ಅಂದೆ. ಆ ಕಡೆ ಸದ್ದೇ ಇಲ್ಲ. ಟಿವಿ ಸೌಂಡು ಮಾತ್ರ ಬರ್ತಿತ್ತು. ಆಮೇಲೆ ಪಿಸುಗುಟ್ಟಿದಳು, "ನಿಮ್ಮಪ್ಪ ಇಲ್ಲೇ ಕೂತವ್ರೆ. ನಾಳೆ ಮಾತಾಡ್ತೀನಿ."