ಎಡಗೈಗೂ ಸೋಪು ಬೇಕು

ಅಂಗನವಾಡಿಗೆ ಬರುವ ಮೂರರಿಂದ ಆರು ವರ್ಷದ ಮಕ್ಕಳಿಗೆ ಕೈ ತೊಳೆಯುವುದು ಹೊಸದೇನಲ್ಲ. ಆದರೆ ಮನೆಯಲ್ಲಿ ಅವರು ಕಂಡಿರುವುದು ಉಂಡ ಮೇಲೆ ಸಾರಿನ ಜಿಡ್ಡು ಹೋಗುವ ತನಕ ತೊಳೆಯುವುದನ್ನು. ಉಣ್ಣುವ ಮೊದಲು ಬಲಗೈ ಬೆರಳುಗಳಿಗೆ ಒಂದಿಷ್ಟು ನೀರು ಸೋಕಿಸಿದರೆ ಸಾಕೆಂಬುದು ದೊಡ್ಡವರದೇ ರೂಢಿ. ಕಾರ್ಯಕರ್ತೆಯಾಗಿ ನಾನು ಹೆಚ್ಚು ಶ್ರಮಪಟ್ಟಿರುವುದು ಈ ಕ್ರಮವನ್ನು ಬದಲಿಸುವುದಕ್ಕೆ ಮತ್ತು ಎಡಗೈಯನ್ನೂ ಸೋಪಿನ ಲೆಕ್ಕಕ್ಕೆ ತರುವುದಕ್ಕೆ. ಬಲಗೈಯಲ್ಲಿ ಉಣ್ಣುವ ಮಗು ಎಡಗೈಯಿಂದ ಮೂಗು ಒರೆಸಿಕೊಳ್ಳುತ್ತದೆ, ಮೊಟ್ಟೆಯ ಸಿಪ್ಪೆ ಬಿಡಿಸುವಾಗ ಎರಡೂ ಕೈಗಳನ್ನು ಬಳಸುತ್ತದೆ.

ಕಣ್ಣಿಗೆ ಕಾಣದ ರೋಗಾಣುವಿನ ವಿವರಣೆ ಈ ವಯಸ್ಸಿಗೆ ನಾಟುವುದಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಮತ್ತು ಅರಿಶಿನ ಸವರಿ ಮೊದಲು ಬರಿ ನೀರಿನಲ್ಲಿ, ಆಮೇಲೆ ಸೋಪಿನಲ್ಲಿ ತೊಳೆಯಿಸಿದರೆ, ಹಳದಿ ಬಣ್ಣ ಬೆರಳ ಸಂದಿಯಲ್ಲಿ, ಹೆಬ್ಬೆರಳ ಬುಡದಲ್ಲಿ, ಉಗುರಿನ ಅಂಚಿನಲ್ಲಿ ಉಳಿದಿರುವುದನ್ನು ಮಕ್ಕಳೇ ತೋರಿಸುತ್ತಾರೆ. ಉಜ್ಜುವುದು ಕನಿಷ್ಠ 20 ಸೆಕೆಂಡು ನಡೆಯಬೇಕಾದ್ದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತೇವೆ. ಹದಿಮೂರು ದಾಟಿದ ಮೇಲೆ ಎಣಿಕೆ ಹಳಿ ತಪ್ಪುತ್ತದೆ, ಅದರಿಂದ ಉಜ್ಜುವ ಸಮಯ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ನಲ್ಲಿಯಿಲ್ಲದ ಕಡೆ ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲ ಮಕ್ಕಳ ಕೈ ಅದ್ದಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಮೊದಲನೆಯ ಮಗುವಿನ ಕೊಳೆಯನ್ನು ಕೊನೆಯ ಮಗುವಿಗೆ ತಲುಪಿಸುತ್ತದೆ. ಸಹಾಯಕಿ ಚೊಂಬಿನಿಂದ ನೀರು ಹೊಯ್ದರೆ ಸಾಕು. ಎಲ್ಲರೂ ಒರೆಸಿಕೊಳ್ಳುವ ಒಂದೇ ಟವೆಲ್ಲೂ ಬೇಡ. ಕೆಂಗಣ್ಣು ಹರಡಲು ಅದೊಂದು ಸಾಕು. ಸೋಪನ್ನು ಬಲೆಚೀಲದಲ್ಲಿ ಹಾಕಿ ಮಕ್ಕಳ ಎತ್ತರಕ್ಕೆ ತೂಗುಹಾಕಿದರೆ ಅದು ಕರಗಿ ಮುದ್ದೆಯಾಗದು, ಕೆಳಗೂ ಬೀಳದು.

2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಕೊಟ್ಟಾಗ, ವರ್ಷವಿಡೀ ಚಿಂತೆಯಿಲ್ಲವೆಂದು ಪೋಷಕರು ಭಾವಿಸುವುದುಂಟು. ಮಾತ್ರೆಯು ಹೊಟ್ಟೆಯೊಳಗಿನ ಹುಳುವಿನ ಮೇಲೆ ಕೆಲಸ ಮಾಡುತ್ತದೆಯೇ ಹೊರತು, ಉಗುರಿನಡಿ ಸೇರಿದ ಹುಳುವಿನ ಮೊಟ್ಟೆ ಮತ್ತೆ ಬಾಯಿಗೆ ಹೋಗುವುದನ್ನು ತಡೆಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಉಗುರು ನೋಡುವುದನ್ನು ನಾವು ಬಿಟ್ಟಿಲ್ಲ.

ಬಚ್ಚಲಿನ ಎತ್ತರದ ಗೂಡಿನಲ್ಲಿ ಸೋಪಿಡುವ ಮನೆಯಲ್ಲಿ ಈ ಅಭ್ಯಾಸ ಸಂಜೆಯ ಊಟಕ್ಕೆ ನಿಂತುಹೋಗುತ್ತದೆ. ಹೀಗಾಗಿ ತಾಯಂದಿರ ಸಭೆಯಲ್ಲಿ ರೋಗಗಳ ಪಟ್ಟಿ ಓದುವುದನ್ನು ಬಿಟ್ಟು, ಒಂದು ತುಂಡು ಸೋಪನ್ನು ಮಗುವಿನ ಕೈಗೆಟಕುವಲ್ಲಿ, ನೀರಿನ ಪಕ್ಕದಲ್ಲೇ ಇಡುವಂತೆ ಕೇಳಿಕೊಳ್ಳುತ್ತೇನೆ.