ಒಲಿಂಪಿಕ್ ಮ್ಯಾರಥಾನ್: ಟೈಮ್ ನೋಡಬೇಕೋ, ಸ್ಥಾನ ನೋಡಬೇಕೋ?

12 ಆಗಸ್ಟ್ 2024, ಸೋಮವಾರ

ಶನಿವಾರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಇಥಿಯೋಪಿಯಾದ ತಮಿರಾತ್ ತೋಲಾ ಮೊದಲು ತಂಡದಲ್ಲೇ ಇರಲಿಲ್ಲ. ಸಿಸೇ ಲೆಮ್ಮಾ ಹಿಂದೆ ಸರಿದ ಮೇಲೆ ಜಾಗ ಸಿಕ್ಕಿತು, 2:06:26ರ ಒಲಿಂಪಿಕ್ ದಾಖಲೆಯೂ ಬಂತು. ದೇಶಕ್ಕೆ ಮೂವರೇ ಎಂಬ ಮಿತಿ ಕ್ರೂರ, ನಿಜ. 2012ರಲ್ಲಿ ವಿಶ್ವದಾಖಲೆ ಹೊಂದಿದ್ದ ಪ್ಯಾಟ್ರಿಕ್ ಮಕಾವ್ ಅವರನ್ನೇ ಕೀನ್ಯಾ ಕೈಬಿಟ್ಟಿತ್ತು. ಆದರೂ ಆ ಮಿತಿ ಇರಲಿ. ಅದೂ ಹೋದರೆ ಒಲಿಂಪಿಕ್ಸ್‌ಗೂ ದೊಡ್ಡ ನಗರಗಳ ದುಡ್ಡಿನ ಓಟಕ್ಕೂ ವ್ಯತ್ಯಾಸವೇನು?

ನನ್ನ ತಕರಾರು ಅರ್ಹತೆಗೆ ಕೇಳುವ ಟೈಮ್ ಬಗ್ಗೆ. ಪುರುಷರಿಗೆ ರಿಯೋದಲ್ಲಿ 2:19:00 ಸಾಕಿತ್ತು, ಟೋಕಿಯೋಗೆ 2:11:30, ಪ್ಯಾರಿಸ್‌ಗೆ 2:08:10. ಅಂದರೆ ಕಿಲೋಮೀಟರಿಗೆ 3:18 ಇದ್ದದ್ದು 3:02ಕ್ಕೆ ಇಳಿಯಿತು. ಕಾರ್ಬನ್ ಪ್ಲೇಟ್ ಶೂಗಳ ಪಾಲೂ ಇದರಲ್ಲಿದೆ, ಆದರೆ ಮುಖ್ಯ ಕಾರಣ ಸೀಟಿನ ಲೆಕ್ಕ: 80 ಸೀಟು, ಅರ್ಧ ಟೈಮ್‌ನಿಂದ, ಅರ್ಧ ವಿಶ್ವ ಶ್ರೇಯಾಂಕದಿಂದ ತುಂಬಬೇಕು.

3:02 ಎಲ್ಲೆಂದರಲ್ಲಿ ಬರುವ ವೇಗವಲ್ಲ. ಸಮತಟ್ಟು ರಸ್ತೆ, ತಂಪು ಹವೆ, 30 ಕಿ.ಮೀ. ತನಕ ಪೇಸರ್‌ಗಳು (ಮುಂದೆ ಓಡಿ ವೇಗ ಕಾಯ್ದುಕೊಡುವವರು), ಅದೇ ವೇಗದ ಗುಂಪು, ಇಷ್ಟೂ ಕೂಡಿಬರಬೇಕು. 30ರ ನಂತರ ಒಂಟಿಯಾಗಿ ಕಿ.ಮೀ.ಗೆ ನಾಲ್ಕೇ ಸೆಕೆಂಡ್ ಜಾರಿದರೂ ಕೊನೆಗೆ ಮುಕ್ಕಾಲು ನಿಮಿಷ ಹೋಯಿತು. ಅರ್ಹತೆಯ ಟೈಮ್ ಮಾಡಲು ಅವಧಿ ನವೆಂಬರ್ 2022ರಿಂದ ಏಪ್ರಿಲ್ 2024, ಹದಿನೆಂಟು ತಿಂಗಳು. ಜೀವ ಬಿಟ್ಟು ಓಡಬಹುದಾದದ್ದು ಮೂರು ಸಲ, ಹೆಚ್ಚೆಂದರೆ ನಾಲ್ಕು. ಒಂದು ಬಿಸಿಲಿಗೆ, ಇನ್ನೊಂದು ಗಾಯಕ್ಕೆ ಹೋದರೆ ಉಳಿಯುವುದೆಷ್ಟು?

ಫೆಬ್ರವರಿಯಲ್ಲಿ ಒರ್ಲ್ಯಾಂಡೋದ ಬಿಸಿಲಲ್ಲಿ, ಪೇಸರ್ ಇಲ್ಲದ ಅಮೆರಿಕದ ಆಯ್ಕೆ ಓಟದಲ್ಲಿ ಲಿಯೊನಾರ್ಡ್ ಕೊರಿರ್ ಮೂರನೆಯವರಾದರು, 2:09:57. ಟೈಮ್ ಸಾಲದೆ ಶ್ರೇಯಾಂಕ ಪಟ್ಟಿಗಾಗಿ ಮೇ ತನಕ ಕಾಯಬೇಕಾಯಿತು. ಜಪಾನಿನ ಅಕಿರಾ ಅಕಾಸಾಕಿ ಅವರದು ಇನ್ನೂ ಗಟ್ಟಿ ಸಾಕ್ಷಿ. ಕಳೆದ ಅಕ್ಟೋಬರಿನಲ್ಲಿ ಟೋಕಿಯೋದ ಮಳೆಯಲ್ಲಿ ನಡೆದ ಆಯ್ಕೆ ಓಟದಲ್ಲಿ ಎರಡನೆಯವರಾದ ಅವರು 2:08:10ರ ಒಳಗೆ ಎಂದೂ ಓಡಿರಲಿಲ್ಲ. ಅದೇ ಮನುಷ್ಯ ಪ್ಯಾರಿಸ್‌ನ ಆ ಏರುದಾರಿಯಲ್ಲಿ 2:07:32 ಓಡಿ ಆರನೆಯ ಸ್ಥಾನ ಪಡೆದರು!

ರಿಯೋದಲ್ಲಿ ನಮ್ಮ ಮೂವರು ಓಡಿದ್ದರು. ಗೋಪಿ ತೊನಕಲ್ 2:15:25ರಲ್ಲಿ 25ನೆಯವರು, ಒಂದೇ ಸೆಕೆಂಡ್ ಹಿಂದೆ ಖೇತಾ ರಾಮ್. ಪ್ಯಾರಿಸ್‌ಗೆ ಒಬ್ಬರೂ ಇಲ್ಲ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ ಮಾಡಿದ 2:12:00 2024ರಲ್ಲೂ ನಮ್ಮ ರಾಷ್ಟ್ರೀಯ ದಾಖಲೆಯಾಗಿತ್ತು. ಅದು ಟೋಕಿಯೋ ಮಿತಿಗೂ ಸಾಲದು. ಭೂತಾನದ ಕಿಂಜಾಂಗ್ ಲಾಮೋ ನಿನ್ನೆ 3:52:59ರಲ್ಲಿ ಕೊನೆಯವರಾಗಿ ಮುಗಿಸಿದ್ದು ಅಥ್ಲೆಟಿಕ್ಸ್‌ನಲ್ಲಿ ಅರ್ಹತೆ ಪಡೆದವರೇ ಇಲ್ಲದ ದೇಶಗಳಿಗೆ ಕೊಡುವ ಜಾಗದಲ್ಲಿ. ಅವರ ಬಗ್ಗೆ ಗೊಣಗುವುದು ಸಣ್ಣತನ. ನೀರಜ್ ಚೋಪ್ರಾ ಇರುವ ಭಾರತಕ್ಕಂತೂ ಆ ಬಾಗಿಲು ತೆರೆಯದು.

ಆ 80ರಲ್ಲಿ ಪ್ರತಿ ಖಂಡದ ಚಾಂಪಿಯನ್‌ಗೆ ಒಂದೊಂದು ನೇರ ಸೀಟು ಇಟ್ಟರೆ ಏನು ನಷ್ಟ? ಜನವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ 2:14:19 ಓಡಿ ಏಷ್ಯಾದ ಚಿನ್ನ ಗೆದ್ದ ಮಾನ್ ಸಿಂಗ್ ಶನಿವಾರ ಓಡುತ್ತಿದ್ದರು.