ಸೇಂಟ್ ಆಂಡ್ರೂಸ್ ಬಂದರು: ಏಳನೇ ಕಾಗದ

ಸ್ಕಾಟ್ಲೆಂಡಿನ ಈ ಬಂದರನ್ನು ಕ್ಯಾಲೋಟೈಪಿನಲ್ಲಿ, ಅಂದರೆ ಕಾಗದದ ಮೇಲೇ ನೆಗೆಟಿವ್ ಮೂಡಿಸುವ ಹಳೆಯ ಫೋಟೋ ವಿಧಾನದಲ್ಲಿ, ತೆಗೆಯಲು ನೋಡುತ್ತಿದ್ದೇನೆ. ಕೊನೆಗೂ ಒಂದು ನೆಗೆಟಿವ್ ಕಲೆಯಿಲ್ಲದೆ ಬಂತು! ಮೊದಲ ಆರರಲ್ಲೂ ಆಕಾಶದ ತುಂಬ ಚುಕ್ಕೆ. ಕಾರಣ ಕಾಗದದಲ್ಲೇ ಇತ್ತು. ಈಗಿನ ಡ್ರಾಯಿಂಗ್ ಕಾಗದ ಬೇಗ ಹಳದಿಯಾಗದಿರಲಿ ಅಂತ ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿರುತ್ತಾರೆ. ಕ್ಯಾಲೋಟೈಪಿಗೆ ಬೇಕಾದ ಹುಳಿಯನ್ನು ಅದು ಕೊಂದುಬಿಡುತ್ತದೆ. ಈ ಸಲ ಸಲ್ಫಾಮಿಕ್ ಆಸಿಡ್ ಬೆರೆಸಿದ ನೀರಿನಲ್ಲಿ, ಗುಳ್ಳೆ ನಿಲ್ಲುವವರೆಗೂ ನೆನೆಸಿ, ಚೆನ್ನಾಗಿ ತೊಳೆದೆ.

ಮುಂದೆ ಕಾಗದ ಸಿದ್ಧಮಾಡುವುದು, ಕ್ಯಾಲೋಟೈಪ್ ಕಂಡುಹಿಡಿದ ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ರಮದಲ್ಲೇ. ಸಿಲ್ವರ್ ನೈಟ್ರೇಟ್ ಬಳಿದು, ಪೊಟ್ಯಾಸಿಯಂ ಅಯೋಡೈಡಿನಲ್ಲಿ ಅದ್ದಿ ತೊಳೆದರೆ ಕಾಗದ ತಿಳಿ ಹಳದಿಯಾಗುತ್ತದೆ. ಫೋಟೋ ತೆಗೆಯುವ ಮುಂಚೆ ಸಿಲ್ವರ್ ನೈಟ್ರೇಟ್, ಅಸಿಟಿಕ್ ಆಸಿಡ್, ಗ್ಯಾಲಿಕ್ ಆಸಿಡ್ ಬೆರೆಸಿ ಬಳಿಯಬೇಕು.

ಟಾಲ್ಬಟ್ ಈ ವಿಧಾನವನ್ನು ಗೆಳೆಯ ಡೇವಿಡ್ ಬ್ರೂಸ್ಟರ್‌ಗೆ ಪತ್ರ ಬರೆದು ತಿಳಿಸಿದ್ದರು. ಬ್ರೂಸ್ಟರ್ ಆಗ ಇದೇ ಊರಿನ ಕಾಲೇಜಿನ ಮುಖ್ಯಸ್ಥರು. ಇಲ್ಲಿನ ಡಾಕ್ಟರ್ ಜಾನ್ ಆಡಮ್ಸನ್ 1842ರಲ್ಲಿ ಅದನ್ನು ಸಾಧಿಸಿ, ತಮ್ಮ ರಾಬರ್ಟ್‌ಗೂ ಕಲಿಸಿದರು. ರಾಬರ್ಟ್ ಆಮೇಲೆ ಎಡಿನ್‌ಬರೋದಲ್ಲಿ ಚಿತ್ರಕಾರ ಹಿಲ್ ಜೊತೆ ಸೇರಿ ಅಲ್ಲೇ ಹತ್ತಿರದ ನ್ಯೂಹೇವನ್ನಿನ ಮೀನುಗಾರರ, ಈ ಊರಿನ ಫೋಟೋಗಳನ್ನು ತೆಗೆದರು. 1848ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 26 ವರ್ಷ. ಅವರ ಚಿತ್ರಗಳನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಹಂಪಿಯನ್ನು 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದದ್ದೂ ಕಾಗದದ ನೆಗೆಟಿವ್‌ನಲ್ಲೇ. ಆದರೆ ಕಲ್ಲು ಅಲುಗುವುದಿಲ್ಲ, ಸಮುದ್ರ ಸುಮ್ನೆ ಇರುವುದಿಲ್ಲ ಅಲ್ವಾ? ನಾಲ್ಕು ನಿಮಿಷದ ಎಕ್ಸ್‌ಪೋಷರಿನಲ್ಲಿ ಅಲೆಗಳೆಲ್ಲ ಮಂಜಾಗುತ್ತವೆ. ತೇಲುವ ದೋಣಿಗಳೂ ಕರಗಿಹೋಗುತ್ತವೆ. ಈ ಕಾಗದಕ್ಕೆ ಕಾಣುವುದು ನೀಲಿ, ನೇರಳೆ ಬೆಳಕೇ ಜಾಸ್ತಿ. ಹಾಗಾಗಿ ಆಕಾಶ ನೆಗೆಟಿವ್‌ನಲ್ಲಿ ಕಡುಕಪ್ಪು, ಪ್ರಿಂಟಿನಲ್ಲಿ ಬರೀ ಬಿಳಿ. ಮೋಡದ ಆಸೆ ಬಿಟ್ಟಿದ್ದೇನೆ, ದೋಣಿಯದನ್ನು ಬಿಡಲು ಆಗಲಿಲ್ಲ.

ಅದಕ್ಕೇ ಶನಿವಾರ ಇಳಿತದ ಹೊತ್ತು ನೋಡಿಕೊಂಡು ಹೋದೆ. ನೀರು ಇಳಿದಾಗ ಈ ಬಂದರು ಖಾಲಿಯಾಗಿ, ದೋಣಿಗಳು ಕೆಸರಿನ ಮೇಲೆ ಕೂರುತ್ತವೆ. ನಾಲ್ಕು ನಿಮಿಷವಲ್ಲ, ನಾಲ್ಕು ಗಂಟೆ ಕಳೆದರೂ ಅಲುಗುವುದಿಲ್ಲ! ಕಂದು ಪಾಚಿ ಹತ್ತಿದ ಬಂಡೆಗಳೂ ಹೊರಗೆ ಬರುತ್ತವೆ. ಅವು ಪ್ರಿಂಟಿನಲ್ಲಿ ಕಪ್ಪಾಗಿ ಬಂದು, ಬಿಳಿ ಆಕಾಶಕ್ಕೆ ತಕ್ಕ ಭಾರ ಕೊಡಬೇಕು.

ಮನೆಯಲ್ಲಿ ಮತ್ತೆ ಗ್ಯಾಲಿಕ್ ಆಸಿಡ್ ಹೊಯ್ದು ಕಾದೆ. ಮೊದಲು ಆಕಾಶ ಕಪ್ಪಾಯಿತು. ಆಮೇಲೆ ಕಲ್ಲುಕಟ್ಟೆಯ ಅಂಚು, ಕೊನೆಗೆ ಒಂದು ದೋಣಿಯ ಹಗ್ಗ ಕೂಡ. ಹಗ್ಗ! ಉಸಿರು ಬಿಗಿಹಿಡಿದು ನೋಡಿದೆ. ಚಿತ್ರ ಉಳಿಯುವಂತೆ ಮಾಡುವ ಹೈಪೋ ದ್ರಾವಣದಲ್ಲಿ ಹಾಕಿ, ತೊಳೆದು, ಒಣಗಿಸಿದ್ದಾಯಿತು.

ಇವತ್ತು ರಾತ್ರಿ ಜೇನುಮೇಣ ಸವರಿ ಇಸ್ತ್ರಿ ಹಾಕುತ್ತೇನೆ. ಕಾಗದ ಪಾರದರ್ಶಕವಾದರೆ, ಬಿಸಿಲು ಬಂದ ದಿನ ಉಪ್ಪುಕಾಗದದ (ಉಪ್ಪುನೀರು, ಸಿಲ್ವರ್ ನೈಟ್ರೇಟ್ ಬಳಿದ ಕಾಗದ) ಮೇಲೆ ಪ್ರಿಂಟ್.